ಬೀಗ ಒಡೆದು ತೋರಿಸುವವರ ಪರವಾಗಿ



ವಾರ್ತಾಪತ್ರದ ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ವಸಂತಕಾಲದ ಪರಾಗದ ಅಲರ್ಜಿ, ಬೇಸಿಗೆಯ ಶಾಖಾಘಾತ, ಮಕ್ಕಳ ಲಸಿಕೆಯ ವೇಳಾಪಟ್ಟಿ ಇಂತಹ ವಿಷಯಗಳನ್ನು. ಈ ಬಾರಿಯ ವಿಷಯ ಬೇರೆ. ವೈದ್ಯರಿಗೇಕೆ ಗಣಕಯಂತ್ರದ ಗೊಡವೆ ಎಂದು ಕೇಳುವವರಿಗೆ ಉತ್ತರ ಲೇಖನದೊಳಗೇ ದೊರೆಯುತ್ತದೆಂದು ನಂಬಿದ್ದೇನೆ.

ನಮ್ಮ ಸಂಘದಲ್ಲಿ ಒಂದು ಪಟ್ಟಿಯಿದೆ. ಊರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿಳಿಯುವ ತಂದೆತಾಯಿಗಳ, ಅತ್ತೆಮಾವಂದಿರ ಹೆಸರು, ವಯಸ್ಸು, ರಕ್ತದ ಗುಂಪು, ಸೇವಿಸುತ್ತಿರುವ ಔಷಧಗಳು, ಒಗ್ಗದ ಔಷಧಗಳು, ವಿಮೆಯ ವಿವರ, ತುರ್ತು ದೂರವಾಣಿ ಸಂಖ್ಯೆ ಎಲ್ಲವೂ ಅದರಲ್ಲಿವೆ. ಜಪಾನಿನಲ್ಲಿ ನನಗೆ ಚಿಕಿತ್ಸೆ ನೀಡುವ ಪರವಾನಗಿಯಿಲ್ಲ. ಊರಿನಲ್ಲಿ ಪಡೆದ ಎಂ.ಬಿ.ಬಿ.ಎಸ್. ಪದವಿ ಇಲ್ಲಿ ಔಷಧ ಸುರಕ್ಷತೆಯ ಕಡತಗಳನ್ನು ಓದುವ ಉದ್ಯೋಗಕ್ಕೆ ಆಧಾರವಾಗಿದೆಯೇ ಹೊರತು ಸ್ಟೆತಾಸ್ಕೋಪು ಹಿಡಿಯುವುದಕ್ಕಲ್ಲ. ಆದರೆ ರಾತ್ರಿ ಹನ್ನೊಂದು ಗಂಟೆಗೆ ಯಾರದೋ ತಾಯಿಗೆ ಎದೆನೋವು ಬಂದು, ಆಂಬುಲೆನ್ಸಿನವರು ದೂರವಾಣಿಯಲ್ಲಿ ಪ್ರಶ್ನೆಗಳ ಮಳೆ ಸುರಿಸುವಾಗ, ಈ ಪಟ್ಟಿ ನೆರವಿಗೆ ಬಂದದ್ದುಂಟು. ಪಟ್ಟಿಯನ್ನು ಆರಂಭಿಸಿದ್ದು ನಾನೇ. ಅದಕ್ಕೆ ಗುಪ್ತಪದವನ್ನು, ಅಂದರೆ ಪಾಸ್‌ವರ್ಡನ್ನು, ಇಟ್ಟದ್ದೂ ನಾನೇ.

ಕಳೆದ ಕಾರ್ಯಕಾರಿ ಸಮಿತಿಯ ಸಭೆ ನಮ್ಮ ಮನೆಯಲ್ಲಿ ನಡೆಯಿತು. ಜಾಲ ಸುರಕ್ಷತೆಯ ಕ್ಷೇತ್ರದಲ್ಲಿ ದುಡಿಯುವ ತರುಣ ಸದಸ್ಯರೊಬ್ಬರು, "ನಿಮ್ಮ ಅನುಮತಿಯಿದ್ದರೆ ಆ ಕಡತದ ಬೀಗವನ್ನು ಒಮ್ಮೆ ಪರೀಕ್ಷಿಸಲೇ?" ಎಂದು ಕೇಳಿದರು. ಧಾರಾಳವಾಗಿ ಎಂದೆ. ಕಾಫಿಯ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಕಡತ ತೆರೆದುಕೊಂಡಿತ್ತು. ಅವರು ಯಾವ ಮಾಯಾಯಂತ್ರವನ್ನೂ ಬಳಸಿರಲಿಲ್ಲ. ಸಂಘದ ಹೆಸರು, ಅದರ ಮುಂದೆ ಸ್ಥಾಪನೆಯ ವರ್ಷ, ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ: ಹನ್ನೊಂದನೆಯ ಊಹೆಯಲ್ಲಿಯೇ ಸಿಕ್ಕಿತಂತೆ. ಅವರು ನಗಲಿಲ್ಲ, ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು.

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಕೋಪ. ಅದೂ ನನ್ನ ಮೇಲಲ್ಲ, ಅವರ ಮೇಲೆ. ನಾನೇ ಅನುಮತಿ ಕೊಟ್ಟಿದ್ದರೂ, ನನ್ನ ಮನೆಯೊಳಕ್ಕೆ ಯಾರೋ ಹೇಳದೆ ನುಗ್ಗಿದಂತೆ ಅನ್ನಿಸಿತು. ಆ ಕೋಪ ತಣಿದ ಮೇಲೆ ಹಲವು ವಾರ ಈ ವಿಷಯವನ್ನು ಓದಿದ್ದೇನೆ. ಬೀಗ ಒಡೆಯುವುದನ್ನೇ ವೃತ್ತಿಯನ್ನಾಗಿಸಿಕೊಂಡ ಸಂಶೋಧಕರನ್ನು ನಾವು ಕಳ್ಳರ ಸಾಲಿನಲ್ಲಿ ನಿಲ್ಲಿಸುತ್ತಿರುವುದು ತಪ್ಪೆಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಆ ಅಭಿಪ್ರಾಯಕ್ಕೆ ನನ್ನನ್ನು ತಂದದ್ದು ಒಂದು ಆಸ್ಪತ್ರೆ.

ಶಿಕೋಕು ದ್ವೀಪದ ತೊಕುಶಿಮಾ ಪ್ರಾಂತದಲ್ಲಿ ತ್ಸುರುಗಿ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿನ ಹಾಂಡಾ ಆಸ್ಪತ್ರೆ ಪಟ್ಟಣಸಭೆಯ ಒಡೆತನದ್ದು. ಹಾಸಿಗೆಗಳು 120. ನಮ್ಮ ಕಡೆಯ ತಾಲೂಕು ಆಸ್ಪತ್ರೆಯನ್ನು ನೆನಪಿಸಿಕೊಳ್ಳಿ. ಪ್ರಾಂತದ ಪಶ್ಚಿಮ ಭಾಗದಲ್ಲಿ ಹೆರಿಗೆ ಮಾಡಿಸುವ ಆಸ್ಪತ್ರೆ ಅದೊಂದೇ. 2021ರ ಅಕ್ಟೋಬರ್ 31ರಂದು, ಮಧ್ಯರಾತ್ರಿ ಕಳೆದು ಅರ್ಧ ಗಂಟೆಯಾಗಿದ್ದಾಗ, ಆಸ್ಪತ್ರೆಯ ಮುದ್ರಣಯಂತ್ರಗಳು ತಮ್ಮಷ್ಟಕ್ಕೆ ತಾವೇ ಇಂಗ್ಲಿಷಿನಲ್ಲಿ ಒಂದು ಬೆದರಿಕೆಯ ಪತ್ರವನ್ನು ಮುದ್ರಿಸತೊಡಗಿದವು. ಕಾಗದ ಮುಗಿಯುವವರೆಗೂ ಮುದ್ರಿಸಿದವು. ನಿಮ್ಮ ದತ್ತಾಂಶವನ್ನು ಕದ್ದು, ಗೂಢಲಿಪಿಯಲ್ಲಿ ಬೀಗ ಹಾಕಿದ್ದೇವೆ. ಹಣ ಕೊಡದಿದ್ದರೆ ಬಹಿರಂಗಪಡಿಸುತ್ತೇವೆ ಎಂಬುದು ಅದರ ಸಾರಾಂಶ. ಲಾಕ್‌ಬಿಟ್ ಎಂಬ ಸುಲಿಗೆಕೋರ ತಂಡದ ಕೆಲಸವದು. ಸುಮಾರು 85,000 ರೋಗಿಗಳ ವಿದ್ಯುನ್ಮಾನ ದಾಖಲೆಗಳು ಒಂದು ರಾತ್ರಿಯಲ್ಲಿ ಕೈತಪ್ಪಿದವು. ಮರುದಿನ ನಾವು ನವೆಂಬರ್ ಒಂದರ ರಾಜ್ಯೋತ್ಸವದ ಶುಭಾಶಯಗಳನ್ನು ಹಂಚಿಕೊಳ್ಳುತ್ತಿದ್ದಾಗ, ಅಲ್ಲಿನ ವೈದ್ಯರು ಕಾಗದ ಮತ್ತು ಪೆನ್ನು ಹಿಡಿದು, ರೋಗಿಯನ್ನೇ "ನಿಮಗೆ ಏನು ಕಾಯಿಲೆ? ಯಾವ ಮಾತ್ರೆ ಕೊಟ್ಟಿದ್ದೆವು?" ಎಂದು ಕೇಳುವ ಸ್ಥಿತಿಯಲ್ಲಿದ್ದರು.

ವೃತ್ತಿಯ ಒಳಗಿನವರಿಗಷ್ಟೇ ಇದರ ಭಯ ಪೂರ್ತಿ ಅರ್ಥವಾಗುತ್ತದೆ. ವಾರ್‌ಫರಿನ್ ಸೇವಿಸುವ ವೃದ್ಧರ ಹಿಂದಿನ ರಕ್ತಪರೀಕ್ಷೆಯ ಅಂಕಿ ಇಲ್ಲ. ಗರ್ಭಿಣಿಯ ಹಿಂದಿನ ಸ್ಕ್ಯಾನುಗಳಿಲ್ಲ. ಪೆನಿಸಿಲಿನ್ ಒಗ್ಗದು ಎಂದು ಐದು ವರ್ಷಗಳ ಹಿಂದೆ ಯಾರೋ ಬರೆದಿಟ್ಟ ಒಂದು ಸಾಲು ಇಲ್ಲ. ಜಪಾನಿನಲ್ಲಿ ಔಷಧದಂಗಡಿಯವರು ಅಂಟಿಸಿಕೊಡುವ ಚೀಟಿಗಳ "ಒಕುಸುರಿ ತೆಚೋ" ಪುಸ್ತಿಕೆಯನ್ನು ಹಳೆಯ ಕಾಲದ್ದೆಂದು ಮೂಲೆಗೆಸೆಯುವ ನಮ್ಮ ಸದಸ್ಯರು ಒಂದು ಕ್ಷಣ ಯೋಚಿಸಲಿ: ಇಂತಹ ರಾತ್ರಿಯಲ್ಲಿ ಬೀಗ ಬೀಳದೆ ಉಳಿಯುವ ದಾಖಲೆ ಅದೊಂದೇ.

ಆಸ್ಪತ್ರೆ ಹಣ ಕೊಡುವುದಿಲ್ಲವೆಂದು ಸಾರಿತು. ಸುಮಾರು 20 ಕೋಟಿ ಯೆನ್ ವೆಚ್ಚದಲ್ಲಿ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿ, 2022ರ ಜನವರಿ 4ರಂದು ಎಂದಿನ ಸೇವೆಗೆ ಮರಳಿತು. ಅದಕ್ಕಿಂತ ದೊಡ್ಡ ಕೆಲಸವನ್ನು ಅದೇ ವರ್ಷದ ಜೂನ್ ತಿಂಗಳಲ್ಲಿ ಮಾಡಿತು: ತಜ್ಞರ ಸಮಿತಿ ನೀಡಿದ ತನಿಖಾ ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಿತು. ಅದರಲ್ಲಿ ಆಸ್ಪತ್ರೆಗೆ ಮುಜುಗರ ತರುವ ಸಂಗತಿಗಳೇ ಹೆಚ್ಚು. ಗುಪ್ತಪದದ ಕನಿಷ್ಠ ಉದ್ದ ಐದೇ ಅಕ್ಷರ. ಎಷ್ಟು ಬಾರಿ ತಪ್ಪಿದರೂ ಖಾತೆ ಸ್ಥಗಿತಗೊಳ್ಳುವ ಏರ್ಪಾಡಿಲ್ಲ. ವೈರಸ್ ನಿರೋಧಕ ತಂತ್ರಾಂಶವನ್ನು ನಿಲ್ಲಿಸಿಡಲಾಗಿತ್ತು. ಮತ್ತು ಹೊರಗಿನಿಂದ ಒಳಬರುವ ದಿಡ್ಡಿ ಬಾಗಿಲಾದ ವಿಪಿಎನ್ ಉಪಕರಣದಲ್ಲಿ ಹಳೆಯ, ಲೋಕಕ್ಕೇ ತಿಳಿದಿದ್ದ ದೋಷವೊಂದು ಹಾಗೆಯೇ ಉಳಿದಿತ್ತು.

ಆ ದೋಷದ ಚರಿತ್ರೆ ನನ್ನ ವಾದಕ್ಕೆ ಮುಖ್ಯ. ಫೋರ್ಟಿನೆಟ್ ಕಂಪನಿಯ ಆ ಉಪಕರಣದಲ್ಲಿ, ಒಂದು ವಿಶೇಷ ವಿಳಾಸವನ್ನು ಕೇಳಿದರೆ ಬಳಕೆದಾರರ ಹೆಸರು ಮತ್ತು ಗುಪ್ತಪದಗಳಿರುವ ಕಡತವನ್ನೇ ಅದು ಹೊರಗೆ ಒಪ್ಪಿಸಿಬಿಡುತ್ತಿತ್ತು. ಇದನ್ನು ಪತ್ತೆಹಚ್ಚಿದವರು ಆರೆಂಜ್ ತ್ಸಾಯ್ ಮತ್ತು ಮೆಹ್ ಚಾಂಗ್ ಎಂಬ ತೈವಾನಿನ ಇಬ್ಬರು ಸಂಶೋಧಕರು. ಅವರು ಮೊದಲು ಕಂಪನಿಗೆ ತಿಳಿಸಿದರು. 2019ರ ಮೇ ತಿಂಗಳಲ್ಲಿ ಕಂಪನಿ ತೇಪೆಯನ್ನು ಹೊರತಂದಿತು. ಆಗಸ್ಟಿನಲ್ಲಿ ಅವರು ಲಾಸ್ ವೇಗಾಸಿನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ವಿವರಗಳನ್ನು ಮಂಡಿಸಿದರು. ಹಾಂಡಾ ಆಸ್ಪತ್ರೆಯ ಮೇಲೆ ದಾಳಿಯಾದದ್ದು ಅದಾಗಿ ಎರಡು ವರ್ಷ ಕಳೆದ ಮೇಲೆ. ಅದೇ 2021ರ ಸೆಪ್ಟೆಂಬರಿನಲ್ಲಿ, ಹೀಗೆ ಕದ್ದ ಸುಮಾರು 87,000 ಉಪಕರಣಗಳ ಗುಪ್ತಪದಗಳನ್ನು ಯಾರೋ ಅಂತರಜಾಲದಲ್ಲಿ ಸುರಿದಿದ್ದರು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದನ್ನು ಸುಲಭವಾಗಿ ತಳ್ಳಿಹಾಕಲಾರೆ. ಸಂಶೋಧಕರು ವಿವರ ಪ್ರಕಟಿಸದೆ ಮೌನವಾಗಿದ್ದರೆ ಕಳ್ಳರಿಗೂ ತಿಳಿಯುತ್ತಿರಲಿಲ್ಲವಲ್ಲ? ಅವರ ಭಾಷಣವಾದ ಕೆಲವೇ ವಾರಗಳಲ್ಲಿ ಆ ದೋಷವನ್ನು ಹುಡುಕಿಕೊಂಡು ಅಂತರಜಾಲವನ್ನು ಜಾಲಾಡುವವರು ಕಾಣಿಸಿಕೊಂಡದ್ದು ನಿಜ. ಆದರೆ ತೇಪೆಯೊಂದು ಹೊರಬಂದ ದಿನವೇ, ಅದನ್ನು ಬಿಚ್ಚಿ ನೋಡಿ ತೂತು ಎಲ್ಲಿತ್ತೆಂದು ತಿಳಿಯುವ ಸಾಮರ್ಥ್ಯ ವೃತ್ತಿಪರ ಕಳ್ಳರಿಗಿದೆ. ಮೌನದಿಂದ ಲಾಭವಾಗುವುದು ಅವರಿಗೆ. ನಷ್ಟವಾಗುವುದು ತ್ಸುರುಗಿಯಂತಹ ಊರಿನಲ್ಲಿ ಗಣಕ ವಿಭಾಗವನ್ನು ನೋಡಿಕೊಳ್ಳುವ ಒಬ್ಬಿಬ್ಬರು ನೌಕರರಿಗೆ. ಎರಡು ವರ್ಷಗಳ ಎಚ್ಚರಿಕೆಯ ಅವಧಿ ಸಿಕ್ಕಿದ್ದು ಸಂಶೋಧಕರಿಂದ. ಅದು ವ್ಯರ್ಥವಾದದ್ದು ಎಚ್ಚರಿಕೆಯನ್ನು ಕೇಳಿಸಿಕೊಳ್ಳುವ ಹೊಣೆ ಯಾರದೆಂದು ಯಾರಿಗೂ ಗೊತ್ತಿಲ್ಲದ್ದರಿಂದ. ನಮ್ಮ ವೃತ್ತಿಯಲ್ಲಿಯೂ ಹೀಗೆಯೇ: ಔಷಧದ ದುಷ್ಪರಿಣಾಮವನ್ನು ವರದಿ ಮಾಡಿದವರನ್ನು ಬೈದು ಯಾವ ರೋಗಿಯೂ ಬದುಕಿದ್ದಿಲ್ಲ.

ಸರಿಯಾಗಿ ಒಂದು ವರ್ಷದ ನಂತರ, 2022ರ ಅಕ್ಟೋಬರ್ 31ರಂದೇ, 865 ಹಾಸಿಗೆಗಳ ಒಸಾಕಾ ಜನರಲ್ ಮೆಡಿಕಲ್ ಸೆಂಟರಿನಲ್ಲಿ ಇದೇ ನಾಟಕ ಮರುಕಳಿಸಿತು. ಈ ಬಾರಿ ಕಳ್ಳರು ಬಂದದ್ದು ಅಡುಗೆಮನೆಯ ಮೂಲಕ. ರೋಗಿಗಳಿಗೆ ಊಟ ಪೂರೈಸುವ ಸಂಸ್ಥೆಯ ಅಡುಗೆ ಕೇಂದ್ರ ಸಕಾಯಿ ನಗರದಲ್ಲಿತ್ತು; ಅಲ್ಲಿಂದ ಆಸ್ಪತ್ರೆಯ ಊಟದ ಸರ್ವರಿಗೆ ಸದಾ ತೆರೆದ ಸಂಪರ್ಕವಿತ್ತು. ಚಿತ್ರದುರ್ಗದ ಕಿಂಡಿಯ ಕಥೆ ನಮಗೆಲ್ಲ ಬಾಯಿಪಾಠ. ಕೋಟೆಯ ಮಹಾದ್ವಾರಗಳು ಎಷ್ಟು ಭದ್ರವಾಗಿದ್ದರೇನು, ಹೈದರನ ಸೈನಿಕರಿಗೆ ಬೇಕಾದದ್ದು ಒಬ್ಬ ಮನುಷ್ಯ ತೂರುವಷ್ಟು ಸಂದು. ಒಸಾಕಾದ ಕಿಂಡಿಯ ಬಳಿ ಒನಕೆ ಹಿಡಿದ ಯಾರೂ ಇರಲಿಲ್ಲ. ಒಳಹೊಕ್ಕವರಿಗೆ ಮುಂದಿನ ದಾರಿ ಇನ್ನೂ ಸುಗಮವಾಗಿತ್ತು, ಏಕೆಂದರೆ ಆಸ್ಪತ್ರೆಯ ಸರ್ವರುಗಳಿಗೆಲ್ಲ ಒಂದೇ ಗುಪ್ತಪದ. ಸಂಪೂರ್ಣ ಚೇತರಿಕೆಗೆ 2023ರ ಜನವರಿ 11ರವರೆಗೆ ಕಾಯಬೇಕಾಯಿತು. ಒಸಾಕಾದ ಘಟನೆಯಾಗಿ ಮೂರೇ ವಾರಗಳಲ್ಲಿ, ನವೆಂಬರ್ 23ರಂದು, ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಿಗೆ ಬೀಗ ಬಿದ್ದು ಹೊರರೋಗಿಗಳ ಚೀಟಿಗಳನ್ನು ಕೈಯಲ್ಲಿ ಬರೆಯುವಂತಾದದ್ದು ಹಲವರಿಗೆ ನೆನಪಿರಬಹುದು.

ಈಗ ಗುಪ್ತಪದದ ವಿಷಯಕ್ಕೆ ಬರುತ್ತೇನೆ. ಹಾಂಡಾದ ಐದು ಅಕ್ಷರಕ್ಕೆ ಹುಬ್ಬೇರಿಸುವ ನಾವು, ನಮ್ಮ ಮೈ ನಂಬರ್ ಕಾರ್ಡಿಗೆ ಕೇವಲ ನಾಲ್ಕು ಅಂಕಿಗಳನ್ನಿಟ್ಟು ನೆಮ್ಮದಿಯಿಂದಿದ್ದೇವೆ. ಅದು ತಪ್ಪೇ? ಅಲ್ಲ. ನಾಲ್ಕು ಅಂಕಿಗಳಲ್ಲಿ ಇರುವುದು 10,000 ಸಾಧ್ಯತೆಗಳು ಮಾತ್ರ. ಆದರೆ ಮೂರು ಬಾರಿ ತಪ್ಪಿದರೆ ಕಾರ್ಡು ಬಂದ್. ಆಮೇಲೆ ಅದನ್ನು ಮರುಹೊಂದಿಸಿಕೊಳ್ಳಬೇಕು. ಊಹಿಸುವವನಿಗೆ ಸಿಗುವ ಅವಕಾಶ ಹತ್ತು ಸಾವಿರದಲ್ಲಿ ಮೂರು. ಬಾಗಿಲಲ್ಲಿ ನಿಂತು ಊಹಿಸುವವನನ್ನು ಹೀಗೆ ತಡೆಯಬಹುದು. ಬೀಗವನ್ನೇ ಕಿತ್ತು ಮನೆಗೆ ಒಯ್ದವನನ್ನು ತಡೆಯಲಾಗದು. ಗುಪ್ತಪದಗಳನ್ನು ಸರ್ವರುಗಳು ಹ್ಯಾಶ್ ಎಂಬ ಅರೆದ ರೂಪದಲ್ಲಿ ಇಟ್ಟಿರುತ್ತವೆ. ದೋಸೆಹಿಟ್ಟಿನಿಂದ ಅಕ್ಕಿಕಾಳನ್ನು ಮರಳಿ ಪಡೆಯಲಾಗದಂತೆ ಅದನ್ನು ಹಿಂದಿರುಗಿಸಲಾಗದು. ಆದರೆ ಆ ಕಡತವನ್ನು ಕದ್ದವನು ಕೋಟ್ಯಂತರ ಪದಗಳನ್ನು ತಾನೇ ಅರೆದು ಯಾವುದು ಹೊಂದುತ್ತದೆಂದು ನೋಡಬಹುದು. ಅಲ್ಲಿ ಮೂರು ಬಾರಿಯ ಮಿತಿಯಿಲ್ಲ. ಎಂಟು ಸಣ್ಣಕ್ಷರಗಳ ಇಂಗ್ಲಿಷ್ ಪದಪುಂಜಗಳು ಒಟ್ಟು ಸುಮಾರು 20,900 ಕೋಟಿ. ಹಳೆಯ, ದುರ್ಬಲ ಹ್ಯಾಶ್ ವಿಧಾನವಾಗಿದ್ದರೆ, ಮಕ್ಕಳು ಆಟಕ್ಕೆಂದು ಕೊಳ್ಳುವ ಉತ್ತಮ ದರ್ಜೆಯ ಒಂದೇ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ 10,000 ಕೋಟಿಗೂ ಮೀರಿ ಪ್ರಯತ್ನಿಸಬಲ್ಲದು. ಎರಡು ಮೂರು ಸೆಕೆಂಡಿನ ಕೆಲಸ. ಅದೇ ಯಾದೃಚ್ಛಿಕವಾದ ಹದಿನಾರು ಅಕ್ಷರಗಳಿದ್ದರೆ ಆ ಕಾರ್ಡಿಗೆ 13,000 ವರ್ಷಗಳಿಗೂ ಹೆಚ್ಚು ಕಾಲ ಬೇಕು.

ಇದನ್ನೆಲ್ಲ ಕಂಡುಕೊಂಡದ್ದು ಹೇಗೆ? ಬೀಗ ಒಡೆದು ನೋಡಿಯೇ. 1979ರಲ್ಲಿ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ತಾವು ಸಂಗ್ರಹಿಸಿದ 3,289 ಗುಪ್ತಪದಗಳನ್ನು ಪರಿಶೀಲಿಸಿ, ಅವುಗಳಲ್ಲಿ 2,831 ಅತಿ ಸುಲಭವಾಗಿ ಊಹಿಸುವಂತಿದ್ದವೆಂದು ಪ್ರಕಟಿಸಿದರು. ಶೇಕಡಾ 86. ಹದಿನೈದು ಜನ ಒಂದೇ ಒಂದು ಅಕ್ಷರವನ್ನು ಗುಪ್ತಪದವಾಗಿಟ್ಟಿದ್ದರು! ಪ್ರತಿ ಗುಪ್ತಪದದ ಜೊತೆಗೆ ಬೇರೆ ಬೇರೆ ಸಂಖ್ಯೆ ಬೆರೆಸಿ ಅರೆಯುವ ಉಪಾಯವನ್ನೂ ಅವರು ವಿವರಿಸಿದರು. ಅದಕ್ಕೆ "ಉಪ್ಪು" ಎಂದೇ ಹೆಸರು. ಹೀಗೆ ಮಾಡಿದಾಗ ಒಂದೇ ಗುಪ್ತಪದವುಳ್ಳ ಇಬ್ಬರ ಹ್ಯಾಶ್‌ಗಳೂ ಬೇರೆಯಾಗಿ ಕಾಣುತ್ತವೆ, ಕಳ್ಳನು ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಒಡೆಯಬೇಕಾಗುತ್ತದೆ.

ಇನ್ನೊಂದು ಉದಾಹರಣೆ ನಮ್ಮಲ್ಲಿ ಅನೇಕರ ಕಚೇರಿ ಜೀವನಕ್ಕೆ ಸಂಬಂಧಿಸಿದ್ದು. ಮೂರು ತಿಂಗಳಿಗೊಮ್ಮೆ ಗುಪ್ತಪದ ಬದಲಾಯಿಸಬೇಕೆಂಬ ನಿಯಮದಿಂದ ಬಳಲದವರು ಯಾರು? 2010ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಬಳಕೆಯಲ್ಲಿಲ್ಲದ 7,700ಕ್ಕೂ ಹೆಚ್ಚು ಖಾತೆಗಳ ಹಳೆಯ ಗುಪ್ತಪದಗಳನ್ನು ಒಡೆದು ನೋಡಿದರು. ಹಿಂದಿನ ಗುಪ್ತಪದ ಗೊತ್ತಿದ್ದರೆ, ಶೇಕಡಾ 17ರಷ್ಟು ಖಾತೆಗಳ ಮುಂದಿನ ಗುಪ್ತಪದವನ್ನು ಐದಕ್ಕಿಂತ ಕಡಿಮೆ ಊಹೆಗಳಲ್ಲಿ ಹಿಡಿಯಬಹುದಿತ್ತು. ಜನರು ಕೊನೆಯ 1ನ್ನು 2 ಮಾಡುತ್ತಾರೆ, ಅಷ್ಟೇ. ಅಮೆರಿಕದ ಮಾನಕ ಸಂಸ್ಥೆ 2017ರಲ್ಲಿ ಈ ನಿಯಮವನ್ನು ಕೈಬಿಟ್ಟಿತು. ಜಪಾನಿನ ಆಂತರಿಕ ವ್ಯವಹಾರಗಳ ಸಚಿವಾಲಯ 2018ರಲ್ಲಿ ತನ್ನ ಸಲಹೆಯನ್ನು ಬದಲಿಸಿತು. ನಿಮ್ಮ ಕಚೇರಿ ಇನ್ನೂ ಬದಲಿಸಿಲ್ಲವೆ? ಆಶ್ಚರ್ಯವೇನಿಲ್ಲ. ಬೀಗ ಹಾಕಿದ ಜಿಪ್ ಕಡತವನ್ನು ಒಂದು ಮಿಂಚಂಚೆಯಲ್ಲಿ ಕಳುಹಿಸಿ, ಅದರ ಗುಪ್ತಪದವನ್ನು ಮರು ನಿಮಿಷವೇ ಇನ್ನೊಂದು ಮಿಂಚಂಚೆಯಲ್ಲಿ ಕಳುಹಿಸುವ ಈ ದೇಶದ ಪ್ರಸಿದ್ಧ ಶಿಷ್ಟಾಚಾರವನ್ನು ಡಿಜಿಟಲ್ ವ್ಯವಹಾರಗಳ ಸಚಿವರು 2020ರ ನವೆಂಬರಿನಲ್ಲಿಯೇ ಸಂಪುಟ ಕಚೇರಿಯಲ್ಲಿ ನಿಲ್ಲಿಸುವುದಾಗಿ ಘೋಷಿಸಿದ್ದರು. ನಮ್ಮ ಸಂಘದ ಆರೋಗ್ಯ ಪಟ್ಟಿ ಮೊನ್ನೆಯವರೆಗೂ ಹಾಗೆಯೇ ಓಡಾಡುತ್ತಿತ್ತು.

ಕನ್ನಡದ ಪದವಿಟ್ಟರೆ ಜಪಾನಿನ ಕಳ್ಳನಿಗೇನು ತಿಳಿದೀತು ಎಂಬ ಭರವಸೆಯೂ ನಮ್ಮಲ್ಲಿದೆ. ಸೋರಿಹೋದ ಗುಪ್ತಪದಗಳ ಪಟ್ಟಿಗಳಲ್ಲಿ ಭಾರತೀಯರವೂ ಧಾರಾಳವಾಗಿವೆ. ಮನೆದೇವರ ಹೆಸರು, ಮಗಳ ಹೆಸರು, ಹುಟ್ಟಿದ ವರ್ಷ, ಮಧ್ಯೆ ಒಂದು ಅಟ್ ಚಿಹ್ನೆ: ಒಡೆಯುವ ತಂತ್ರಾಂಶ ಮೊದಲು ಪ್ರಯತ್ನಿಸುವುದೇ ಇಂತಹ ಜೋಡಣೆಗಳನ್ನು. 2022ರ ಜೂನಿನಲ್ಲಿ ಅಮಗಸಾಕಿ ನಗರದ ಸುಮಾರು 4,60,000 ನಿವಾಸಿಗಳ ವಿವರಗಳಿದ್ದ ಯುಎಸ್‌ಬಿ ಕಡ್ಡಿಯನ್ನು ಗುತ್ತಿಗೆ ನೌಕರರೊಬ್ಬರು ಕುಡಿದ ರಾತ್ರಿ ಕಳೆದುಕೊಂಡಾಗ, ಅಧಿಕಾರಿಗಳು ಪತ್ರಿಕಾಗೋಷ್ಠಿಯಲ್ಲಿ ಜನರಿಗೆ ಧೈರ್ಯ ಹೇಳಲೆಂದು ಅದರ ಗುಪ್ತಪದ ಹದಿಮೂರು ಅಕ್ಷರ ಮತ್ತು ಅಂಕಿಗಳದ್ದೆಂದು ತಿಳಿಸಿಬಿಟ್ಟರು. ಕ್ಷಣಮಾತ್ರದಲ್ಲಿ ಸಾಮಾಜಿಕ ಜಾಲತಾಣಗಳ ತುಂಬ ಒಂದೇ ಊಹೆ: ಅಮಗಸಾಕಿ2022. ಇಂಗ್ಲಿಷ್ ಅಕ್ಷರಗಳಲ್ಲಿ ಎಣಿಸಿ ನೋಡಿ, ಸರಿಯಾಗಿ ಹದಿಮೂರು. ಊಹೆ ನಿಜವೋ ಸುಳ್ಳೋ, ಕಡ್ಡಿ ಮರುದಿನ ಸಿಕ್ಕಿತು. ನಾನು ಆಗ ಬಹಳ ನಕ್ಕಿದ್ದೆ. ನನ್ನ ಪಟ್ಟಿಯ ಗುಪ್ತಪದವೂ ಅದೇ ಅಚ್ಚಿನದೆಂದು ಹೊಳೆಯಲಿಲ್ಲ.

ಊಹೆ ಮಾಡಿ ನೋಡುವ ಕೆಲಸವನ್ನು ಸರ್ಕಾರವೇ ಕೈಗೊಂಡ ದೇಶದಲ್ಲಿ ನಾವು ವಾಸಿಸುತ್ತಿದ್ದೇವೆ. 2019ರ ಫೆಬ್ರವರಿ 20ರಂದು ರಾಷ್ಟ್ರೀಯ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಸಂಸ್ಥೆ "ನೋಟಿಸ್" ಎಂಬ ಯೋಜನೆಯನ್ನು ಆರಂಭಿಸಿತು. ದೇಶದ ಸುಮಾರು 20 ಕೋಟಿ ಅಂತರಜಾಲ ವಿಳಾಸಗಳ ಬಾಗಿಲು ತಟ್ಟಿ, ರೂಟರ್, ಕ್ಯಾಮೆರಾ ಮುಂತಾದ ಉಪಕರಣಗಳಿಗೆ ಸುಮಾರು 100 ಕುಖ್ಯಾತ ಗುಪ್ತಪದ ಜೋಡಿಗಳನ್ನು ಹಾಕಿ ನೋಡುವುದು. ತೆರೆದುಕೊಂಡರೆ ಒಳಗಿನದನ್ನು ನೋಡದೆ, ಸೇವಾದಾರ ಕಂಪನಿಯ ಮೂಲಕ ಮಾಲೀಕರಿಗೆ ಎಚ್ಚರಿಕೆ ಕಳುಹಿಸುವುದು. 2016ರಲ್ಲಿ ಮಿರಾಯಿ ಎಂಬ ದುಷ್ಟ ತಂತ್ರಾಂಶ ಕೇವಲ ಅರವತ್ತೆರಡು ಗುಪ್ತಪದ ಜೋಡಿಗಳಿಂದ ಲಕ್ಷಾಂತರ ಕ್ಯಾಮೆರಾಗಳನ್ನು ವಶಪಡಿಸಿಕೊಂಡು ಅಮೆರಿಕದ ಅಂತರಜಾಲವನ್ನೇ ಅಲುಗಾಡಿಸಿತ್ತು. ಒಲಿಂಪಿಕ್ಸ್ ಹೊಸ್ತಿಲಲ್ಲಿದ್ದ ಜಪಾನಿಗೆ ಆ ಭಯವಿತ್ತು. ಅನ್ಯರ ಗುಪ್ತಪದ ಬಳಸಿ ಒಳಹೊಗುವುದನ್ನು ನಿಷೇಧಿಸುವ ಕಾನೂನು ಇಲ್ಲಿ 2000ದಿಂದ ಜಾರಿಯಲ್ಲಿರುವುದರಿಂದ, ಈ ಸಂಸ್ಥೆಗೆ ಐದು ವರ್ಷಗಳ ಮಟ್ಟಿಗೆ ವಿನಾಯಿತಿ ಕೊಡಲು ಸಂಸತ್ತು ಶಾಸನವನ್ನೇ ತಿದ್ದಬೇಕಾಯಿತು. ಅವಧಿ ಮುಗಿದ ಮೇಲೆ ಮತ್ತೊಂದು ತಿದ್ದುಪಡಿಯೊಂದಿಗೆ ಯೋಜನೆ ಮುಂದುವರಿದಿದೆ.

ಸರ್ಕಾರವೇ ನಮ್ಮ ಮನೆಗೆ ಕನ್ನ ಹಾಕುತ್ತಿದೆ ಎಂದು ಆಗ ಗದ್ದಲವೆದ್ದಿತ್ತು. ಆ ಗದ್ದಲದಲ್ಲಿ ನಾನೂ ಇದ್ದೆ. ಇಂದು ನನಗೆ ಅದು ನಮ್ಮ ವಾರ್ಷಿಕ "ಕೆಂಕೋ ಶಿಂದಾನ್" ತಪಾಸಣೆಯಂತೆ ಕಾಣುತ್ತದೆ. ಉದ್ಯೋಗದಾತರು ವರ್ಷಕ್ಕೊಮ್ಮೆ ನಮ್ಮ ಎದೆಯ ಎಕ್ಸ್-ರೇ ತೆಗೆಸುತ್ತಾರೆ. ನನಗೆ ಕ್ಷಯವಿಲ್ಲ ಎಂದು ನಾವು ಜಗಳವಾಡುವುದಿಲ್ಲ, ಏಕೆಂದರೆ ನನ್ನ ಕೆಮ್ಮು ಪಕ್ಕದ ಮೇಜಿನವರ ಸಮಸ್ಯೆಯೂ ಹೌದು. ದುರ್ಬಲ ಗುಪ್ತಪದದ ಕ್ಯಾಮೆರಾ ಕೂಡ ಹಾಗೆ ಹರಡುವ ಸೋಂಕು. ಮೊದಲ ಸುತ್ತಿನ ಫಲಿತಾಂಶ 2019ರ ಜೂನಿನಲ್ಲಿ ಬಂತು: ಪರೀಕ್ಷಿಸಿದ ಸುಮಾರು 9 ಕೋಟಿ ವಿಳಾಸಗಳಲ್ಲಿ ಗುಪ್ತಪದ ಕೇಳಿದವು 31,000ದಿಂದ 42,000, ನಿಜಕ್ಕೂ ತೆರೆದುಕೊಂಡವು 147. ಇಷ್ಟಕ್ಕೆ ಇಷ್ಟು ಸದ್ದೇ ಎಂದು ಕೆಲವರು ಮೂಗು ಮುರಿದರು. ತಪಾಸಣೆಯಲ್ಲಿ ರೋಗ ಕಡಿಮೆ ಕಂಡರೆ ಅದು ಸುದ್ದಿಯೇ ಅಲ್ಲವೆಂದು ನಾನು ಒಪ್ಪಲಾರೆ. ಆದರೂ ನನ್ನ ಒಂದು ತಕರಾರು ಉಳಿದಿದೆ. ಚಿಕಿತ್ಸೆಯ ಏರ್ಪಾಡಿಲ್ಲದೆ ತಪಾಸಣೆ ಮಾಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಪ್ರಕಟಿಸಿದ ವಿಲ್ಸನ್ ಮತ್ತು ಯುಂಗ್ನರ್ ಅವರ ತತ್ತ್ವಗಳಲ್ಲೊಂದು. ಎಚ್ಚರಿಕೆಯ ಪತ್ರ ಜಪಾನೀ ಭಾಷೆಯಲ್ಲಿ ಮಾತ್ರ ಬಂದರೆ, ಅದನ್ನು ಜಾಹೀರಾತೆಂದು ಕಸದ ಬುಟ್ಟಿಗೆ ಹಾಕುವ ಎಷ್ಟು ಮನೆಗಳು ನಮ್ಮ ನಡುವೆ ಇಲ್ಲ? ನಿಮ್ಮ ಸೇವಾದಾರರಿಂದ ಇಂತಹ ಪತ್ರ ಬಂದಿದ್ದರೆ ಸಮಿತಿಗೆ ತೋರಿಸಿ, ಓದಿ ಹೇಳುವವರಿದ್ದಾರೆ.

ನೋಟಿಸ್ ಯೋಜನೆಯವರು ತಾವು ಯಾವ ವಿಳಾಸಗಳಿಂದ ಬಾಗಿಲು ತಟ್ಟುತ್ತೇವೆಂದು ಮೊದಲೇ ಪ್ರಕಟಿಸಿದ್ದರು. ಗೆರೆ ಇರುವುದು ಅಲ್ಲಿಯೇ. 2003ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಸಂಸ್ಥೆಯೊಂದರ ಜಾಲತಾಣದ ದೋಷವನ್ನು ಕಂಡುಹಿಡಿದು, ಸಂಸ್ಥೆಗೆ ತಿಳಿಸುವ ಮೊದಲೇ ತುಂಬಿದ ಸಭೆಯಲ್ಲಿ ಪ್ರದರ್ಶಿಸಿದರು. ಅಲ್ಲಿಂದ ಹೊರತೆಗೆದ ಕೆಲವರ ವೈಯಕ್ತಿಕ ವಿವರಗಳೂ ಪರದೆಯ ಮೇಲೆ ಬಂದವು. 2005ರ ಮಾರ್ಚಿನಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಎಂಟು ತಿಂಗಳ ಅಮಾನತು ಶಿಕ್ಷೆ ವಿಧಿಸಿತು. ರೋಗಿಯ ಹೆಸರಿರುವ ಎಕ್ಸ್-ರೇಯನ್ನು ಮದುವೆ ಮನೆಯಲ್ಲಿ ತೋರಿಸಿದ ವೈದ್ಯರ ಪರವಾಗಿ ನಾನು ವಾದಿಸಲಾರೆ.

ಆದರೆ ಕಾನೂನು ಎಲ್ಲ ಕಾಲಕ್ಕೂ ಇಷ್ಟು ವಿವೇಕದಿಂದ ನಡೆದಿಲ್ಲ. 2019ರ ಮಾರ್ಚಿನಲ್ಲಿ ಹ್ಯೋಗೋ ಪ್ರಾಂತದ ಪೊಲೀಸರು 13 ವರ್ಷದ ಬಾಲಕಿಯೊಬ್ಬಳನ್ನು ಕರೆಸಿ ಎಚ್ಚರಿಸಿದರು. ಅವಳ ಅಪರಾಧ, "ಸರಿ" ಒತ್ತಿದಷ್ಟೂ ಮತ್ತೆ ಮತ್ತೆ ಅದೇ ಸಂದೇಶ ತೋರುವ ಒಂದು ಚೇಷ್ಟೆಯ ಪುಟದ ಕೊಂಡಿಯನ್ನು ಹಂಚಿದ್ದು. ಆ ಪುಟವನ್ನು ಮುಚ್ಚಿದರೆ ಎಲ್ಲವೂ ಮುಗಿಯುತ್ತಿತ್ತು. ತನ್ನ ಜಾಲತಾಣಕ್ಕೆ ಬಂದವರ ಗಣಕಶಕ್ತಿಯನ್ನು ಹೇಳದೆ ಬಳಸಿದ ಕಾಯಿನ್‌ಹೈವ್ ಪ್ರಕರಣದಲ್ಲಿ ಒಬ್ಬ ವಿನ್ಯಾಸಕಾರರು ಕೆಳ ನ್ಯಾಯಾಲಯದಲ್ಲಿ ಗೆದ್ದು, ಟೋಕಿಯೋ ಹೈಕೋರ್ಟಿನಲ್ಲಿ ಸೋತು, 2022ರ ಜನವರಿ 20ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ನಿರ್ದೋಷಿಯಾಗುವವರೆಗೆ ವರ್ಷಗಳೇ ಕಳೆದವು. 2020ರಿಂದ ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಪ್ರೋಗ್ರಾಮಿಂಗ್ ಕಡ್ಡಾಯ. ನಮ್ಮ ಮಕ್ಕಳು ಬುದ್ಧಿವಂತರು, ಕುತೂಹಲಿಗಳು, ಮತ್ತು ವೀಸಾ ಮೇಲೆ ಇರುವವರ ಮಕ್ಕಳು. ಅವರಿಗೆ "ಮುಟ್ಟಬೇಡ" ಎಂದಷ್ಟೇ ಹೇಳುವ ತಂದೆತಾಯಿಗಳ ಆತಂಕ ನನಗೆ ಅರ್ಥವಾಗುತ್ತದೆ.

ಆದರೆ ಮುಟ್ಟದಿರುವುದರ ಬೆಲೆಯೂ ಇದೆ. 2021ರ ಸೆಪ್ಟೆಂಬರಿನಲ್ಲಿ, ಟೋಕಿಯೋದ ಮಾಚಿದಾ ನಗರದ ಆರನೆಯ ತರಗತಿಯ ಬಾಲಕಿಯೊಬ್ಬಳ ಸಾವಿನ ಹಿನ್ನೆಲೆಯಲ್ಲಿ, ಶಾಲೆ ಕೊಟ್ಟ ಟ್ಯಾಬ್ಲೆಟ್ಟಿನ ಚಾಟ್‌ನಲ್ಲಿ ನಡೆದ ಕಿರುಕುಳದ ಸಂಗತಿ ಬೆಳಕಿಗೆ ಬಂತು. ಆ ಶಾಲೆಯಲ್ಲಿ ಮಕ್ಕಳ ಗುರುತಿನ ಪದ ತರಗತಿ ಮತ್ತು ಹಾಜರಿ ಸಂಖ್ಯೆಯಿಂದ ಮಾಡಿದ್ದು. ಗುಪ್ತಪದ ಎಲ್ಲರಿಗೂ ಒಂದೇ, 123456789. ಯಾರು ಯಾರ ಹೆಸರಿನಲ್ಲಿ ಬೇಕಾದರೂ ಬರೆಯಬಹುದಿತ್ತು. ಅಲ್ಲಿನ ಯಾವುದಾದರೂ ಮಗು ಎದ್ದುನಿಂತು "ಸೆನ್ಸೇಯಿ, ಈ ಬೀಗ ನನಗೂ ತೆರೆಯುತ್ತದೆ" ಎಂದು ಹೇಳಿದ್ದರೆ ನಾವು ಅದನ್ನು ಶಿಸ್ತಿನ ಉಲ್ಲಂಘನೆ ಎನ್ನುತ್ತಿದ್ದೆವೋ ಏನೋ.

ಆದ್ದರಿಂದ ಮಕ್ಕಳಿಗೆ ಹೀಗೆ ಹೇಳೋಣವೆಂಬುದು ನನ್ನ ಸಲಹೆ. ನಿನ್ನದೇ ಯಂತ್ರದಲ್ಲಿ, ಅಥವಾ ಅನುಮತಿ ಬರೆದುಕೊಟ್ಟವರ ಯಂತ್ರದಲ್ಲಿ ಮಾತ್ರ ಪ್ರಯತ್ನಿಸು. ಬೇರೆಯವರ ದೋಷ ಆಕಸ್ಮಿಕವಾಗಿ ಕಂಡರೆ ಅಲ್ಲೇ ನಿಲ್ಲು, ದೊಡ್ಡವರಿಗೆ ಹೇಳು. ಅಂತಹ ದೋಷಗಳ ವರದಿಯನ್ನು ಸ್ವೀಕರಿಸಲೆಂದೇ ಐಪಿಎ ಎಂಬ ಸರ್ಕಾರಿ ಸಂಸ್ಥೆ 2004ರಿಂದ ಕಿಟಕಿ ತೆರೆದಿಟ್ಟಿದೆ. ಕಾನೂನುಬದ್ಧವಾಗಿ ಬೀಗ ಒಡೆಯುವ ಆಟಕ್ಕೆ ಸೆಕ್ಕಾನ್ ಸ್ಪರ್ಧೆಯಿದೆ, ವಿದ್ಯಾರ್ಥಿಗಳಿಗೆ ಸೆಕ್ಯುರಿಟಿ ಕ್ಯಾಂಪ್ ಎಂಬ ಬೇಸಿಗೆ ಶಿಬಿರವಿದೆ.

ಇನ್ನು ನಮ್ಮ ಪಟ್ಟಿ. ಹಳೆಯ ಕಡತವನ್ನು ಅಳಿಸಿದ್ದೇವೆ. ಆದರೆ ಹಿಂದಿನ ಸಮಿತಿಗಳವರ ಅಂಚೆಪೆಟ್ಟಿಗೆಗಳಲ್ಲಿ ಅದರ ಪ್ರತಿಗಳು ಉಳಿದಿರಬಹುದು. ಅಂಥವರು ದಯವಿಟ್ಟು ಹುಡುಕಿ ಅಳಿಸಬೇಕೆಂದು ಕೋರುತ್ತೇನೆ. ಊರಿಗೆ ಮರಳಿದ ಹಿರಿಯರ ವಿವರಗಳನ್ನು ನಾವು ಕಾರಣವಿಲ್ಲದೆ ವರ್ಷಗಟ್ಟಲೆ ಇಟ್ಟುಕೊಂಡಿದ್ದೆವು. ಇನ್ನು ಮುಂದೆ ಅವರು ವಿಮಾನ ಹತ್ತಿದ ತಿಂಗಳೊಳಗೆ ತೆಗೆದುಹಾಕುತ್ತೇವೆ. ಹೊಸ ಪಟ್ಟಿಗೆ ಪ್ರತಿಯೊಬ್ಬ ಸ್ವಯಂಸೇವಕರಿಗೂ ಪ್ರತ್ಯೇಕ ಪ್ರವೇಶ, ಎರಡನೆಯ ಹಂತದ ದೃಢೀಕರಣ. ಗುಪ್ತಪದಕ್ಕೆ ಪರಸ್ಪರ ಸಂಬಂಧವಿಲ್ಲದ ಆರು ಪದಗಳನ್ನು ನಿಘಂಟಿನಿಂದ ದಾಳ ಉರುಳಿಸಿ ಆರಿಸುವುದೆಂದು ತೀರ್ಮಾನಿಸಿದೆವು. ಮನೆಯಲ್ಲಿ ದಾಳ ಸಿಗಲಿಲ್ಲ. ಅಮ್ಮ ಊರಿನಿಂದ ತಂದಿದ್ದ ಚೌಕಾಬಾರದ ಕವಡೆಗಳನ್ನು ಹಾಕೋಣವೆಂದೆ. ಕವಡೆಗಳು ಸಮನಾಗಿ ಬೀಳುವುದಿಲ್ಲವೆಂದು ಆ ತರುಣ ಸದಸ್ಯರು ತಡೆದು, ಮರುದಿನ ನೂರು ಯೆನ್ ಅಂಗಡಿಯಿಂದ ದಾಳಗಳನ್ನು ತಂದುಕೊಟ್ಟರು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದು ನಿರ್ಣಯವನ್ನು ಮಂಡಿಸಲಿದ್ದೇನೆ: ವರ್ಷಕ್ಕೊಮ್ಮೆ, ಸಮಿತಿಯ ಲಿಖಿತ ಅನುಮತಿಯೊಂದಿಗೆ, ಸಂಘದ ಎಲ್ಲ ಖಾತೆಗಳ ಬೀಗಗಳನ್ನು ಒಡೆಯಲು ಪ್ರಯತ್ನಿಸುವ ಹೊಣೆಯನ್ನು ಇಬ್ಬರು ಸದಸ್ಯರಿಗೆ ವಹಿಸಬೇಕು, ಅವರಿಗೆ ಕಂಡದ್ದನ್ನು, ಎಷ್ಟೇ ಮುಜುಗರವಾದರೂ, ಈ ವಾರ್ತಾಪತ್ರದಲ್ಲಿ ಪ್ರಕಟಿಸಬೇಕು. ಮೊದಲ ವರ್ಷದ ವರದಿಯಲ್ಲಿ ಯಾರ ಹೆಸರು ಬರುತ್ತದೆಂದು ನಿಮಗೆ ಈಗಾಗಲೇ ಗೊತ್ತಿದೆ.